ಅಜ್ಜಿಯ ದಮ್ಮು ಮತ್ತು 1,460 ಅನ್ನೋ ಒಂದು ಸಂಖ್ಯೆ

ಕಳೆದ ಸೆಮಿಸ್ಟರ್‌ನಲ್ಲಿ ಒಂದು ರಾತ್ರಿ ನಮ್ಮ ರೂಮ್‌ಮೇಟ್‌ನ ವಾಟ್ಸ್ಯಾಪ್‌ಗೆ ಅವನ ಅಜ್ಜಿಯ ಬ್ಲಡ್ ರಿಪೋರ್ಟ್ ಬಂತು. ಅಜ್ಜಿಗೆ 72 ವರ್ಷ. ಜೀವನವಿಡೀ ಸೌದೆ ಒಲೆ ಮುಂದೆ ಕೂತವರು. ಸಿಒಪಿಡಿ, ಅಂದ್ರೆ ಶ್ವಾಸನಾಳ ಕಿರಿದಾಗಿ ಹೋಗುವ ದೀರ್ಘಕಾಲದ ಕಾಯಿಲೆ ಇದೆ. ಏದುಸಿರು ಜಾಸ್ತಿಯಾದಾಗ ಮನೆಯವರು "ಅದೇ ಹಳೇ ದಮ್ಮು" ಅಂದುಕೊಂಡಿದ್ರು. ಪಾದ ಊದಿದ್ದನ್ನು ನೋಡಿದ ಡಾಕ್ಟರು ಈ ಟೆಸ್ಟ್ ಬರೆದುಕೊಟ್ಟರು. ಎನ್‌ಟಿ-ಪ್ರೊಬಿಎನ್‌ಪಿ: 1,460.

ನಾವು ಗೂಗಲ್ ಮಾಡಿ, "ಹಾರ್ಟ್ ಫೇಲ್ಯೂರ್ ಕಣೋ" ಅಂದುಬಿಟ್ವಿ. ಅವನು ರಾತ್ರಿಯೆಲ್ಲಾ ಮಲಗಲಿಲ್ಲ. ಆಮೇಲೆ ಸರಿಯಾಗಿ ಓದಿದಾಗ ಗೊತ್ತಾಗಿದ್ದು ಇಷ್ಟು.

ಹೃದಯದ ಕೆಳಗಿನ ಕೋಣೆಗಳ ಗೋಡೆ ಹಿಗ್ಗಿದಾಗ ಅಲ್ಲಿನ ಜೀವಕೋಶಗಳು 108 ಅಮೈನೋ ಆಮ್ಲಗಳ ಒಂದು ಸರಪಳಿಯನ್ನು ತಯಾರಿಸುತ್ತವೆ. ಅದು ಎರಡು ತುಂಡಾಗುತ್ತದೆ. 32ರ ತುಂಡು ಬಿಎನ್‌ಪಿ; ಉಪ್ಪು, ನೀರು ಹೊರಹಾಕಲು ಮೂತ್ರಪಿಂಡಕ್ಕೆ ಹೇಳುವುದು ಇದೇ. 76ರ ತುಂಡಿಗೆ ಅಂಥ ಕೆಲಸವಿಲ್ಲ, ಆದರೆ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಅಜ್ಜಿಯ ರಿಪೋರ್ಟ್‌ನಲ್ಲಿದ್ದದ್ದು ಈ ಎರಡನೆಯದು. (ಬಿಎನ್‌ಪಿಯಲ್ಲಿ 'ಬಿ' ಅಂದ್ರೆ ಬ್ರೇನ್! 1988ರಲ್ಲಿ ಜಪಾನಿನ ವಿಜ್ಞಾನಿಗಳಿಗೆ ಇದು ಮೊದಲು ಸಿಕ್ಕಿದ್ದು ಹಂದಿಯ ಮೆದುಳಿನಲ್ಲಿ. ಹೆಸರು ಹಾಗೇ ಉಳೀತು.)

ಅಳತೆ ಪಿಕೋಗ್ರಾಮ್‌ಗಳಲ್ಲಿ, ಅಂದ್ರೆ ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಒಂದು ಆಂಟಿಬಾಡಿ ಅಣುವನ್ನು ಹಿಡಿದುಕೊಳ್ಳುತ್ತದೆ, ಇನ್ನೊಂದು ಬೆಳಕು ಕೊಡುವ ಲೇಬಲ್ ಹೊತ್ತು ಬಂದು ಅಂಟಿಕೊಳ್ಳುತ್ತದೆ. ಬೆಳಕು ಎಷ್ಟೋ, ಅಣು ಅಷ್ಟು.

ದಿಢೀರ್ ಉಸಿರಾಟದ ತೊಂದರೆ ಅಂತ ಬಂದವರಲ್ಲಿ ಈ ಸಂಖ್ಯೆ ಒಂದು ಮಿಲಿಲೀಟರಿಗೆ 300ಕ್ಕಿಂತ ಕಮ್ಮಿ ಇದ್ದರೆ ಹಾರ್ಟ್ ಫೇಲ್ಯೂರ್ ಇರುವ ಸಾಧ್ಯತೆ ತುಂಬಾ ಕಡಿಮೆ. ಹೆಚ್ಚಿದ್ದರೆ ವಯಸ್ಸು ನೋಡಬೇಕು: 50ರ ಒಳಗೆ 450, 50ರಿಂದ 75ಕ್ಕೆ 900, ಮೇಲ್ಪಟ್ಟವರಿಗೆ 1,800. ಮೂತ್ರಪಿಂಡ ಸರಿಯಿಲ್ಲದಿದ್ದರೆ ಏರುತ್ತದೆ, ಬೊಜ್ಜು ಇದ್ದರೆ ಇಳಿಯುತ್ತದೆ.

ಅಜ್ಜಿ 900 ದಾಟಿದ್ರು, ನಿಜ. ನಾವು ಎಡವಿದ್ದು ಎಲ್ಲಿ ಅಂದ್ರೆ, ಸಿಒಪಿಡಿಯಲ್ಲಿ ಆಮ್ಲಜನಕ ಕಮ್ಮಿಯಾದಾಗ ಶ್ವಾಸಕೋಶದ ರಕ್ತನಾಳಗಳು ಬಿಗಿಯಾಗುತ್ತವೆ. ಅವುಗಳೊಳಗೆ ರಕ್ತ ತಳ್ಳುವ ಕೆಲಸ ಹೃದಯದ ಬಲಗೋಣೆಯದು. ಒತ್ತಡ ತಾಳಲಾರದೆ ಅದೂ ಹಿಗ್ಗುತ್ತದೆ, ಅದರಿಂದಲೂ ಇದೇ ಅಣು ಬರುತ್ತದೆ. ಅಂದ್ರೆ ಇದು ಲೋಡ್ ಹೇಳುವ ಸೆನ್ಸರ್, ಲೋಡ್ ಯಾವ ಕಡೆ ಅಂತ ಹೇಳಲ್ಲ. ಎಡಭಾಗ ಸೋತಿದ್ದರೆ ಚಿಕಿತ್ಸೆ ಒಂದು ಥರ, ಶ್ವಾಸಕೋಶದಿಂದ ಬಲಭಾಗ ದಣಿದಿದ್ದರೆ ಇನ್ನೊಂದು ಥರ.

ಹಾಗಾಗಿ ಎಕೋ ಮಾಡಲೇಬೇಕು. ಅದೂ ಸುಲಭ ಅಲ್ಲ. ಗಾಳಿಯಲ್ಲಿ ಅಲ್ಟ್ರಾಸೌಂಡ್ ಸರಿಯಾಗಿ ಸಾಗುವುದಿಲ್ಲ. ಸಿಒಪಿಡಿಯವರ ಉಬ್ಬಿದ ಶ್ವಾಸಕೋಶ ಹೃದಯಕ್ಕೆ ಅಡ್ಡ ಬರುತ್ತದೆ. ಅಜ್ಜಿಗೆ ಪಕ್ಕೆಲುಬಿನ ಕೆಳಗಿಂದ, ಹೊಟ್ಟೆಯ ಕಡೆಯಿಂದ ಪ್ರೋಬ್ ಇಟ್ಟು ನೋಡಿದರಂತೆ. ಎಡಭಾಗ ಚೆನ್ನಾಗೇ ಪಂಪ್ ಮಾಡ್ತಿತ್ತು. ಬಲಭಾಗ ದೊಡ್ಡದಾಗಿತ್ತು.

ಈಗ ಮನೆಯಲ್ಲಿ ಆಕ್ಸಿಜನ್ ಇದೆ, ನೀರಿಳಿಸೋ ಮಾತ್ರೆ ಇದೆ, ಪಾದದ ಊತ ಇಳಿದಿದೆ. ಅಡುಗೆ ಗ್ಯಾಸ್‌ನಲ್ಲೇ. ಬಚ್ಚಲ ಒಲೆ ವಿಷಯಕ್ಕೆ ಮಾತ್ರ ಅಜ್ಜಿಗೂ ಮೊಮ್ಮಗನಿಗೂ ಫೋನಲ್ಲಿ ಇನ್ನೂ ಜಗಳ ನಡೀತಿದೆ.