ಮನೆ ಖಾಲಿ ಮಾಡುವಾಗ: ಹಳೆ ಸಾಮಾನು ಯಾರಿಗೆ, ಹೇಗೆ?

*ಇಂದಿನ ಧಮ್ಮ ಚಿಂತನೆ*



ಮೇ ತಿಂಗಳು ಅಂದರೆ ಮನೆ ಬದಲಿಸುವ ಕಾಲ. ಮಕ್ಕಳ ಪರೀಕ್ಷೆ ಮುಗಿದಿರುತ್ತದೆ, ಹೊಸ ಶಾಲೆ ಇನ್ನೂ ಶುರುವಾಗಿರುವುದಿಲ್ಲ. ನಮ್ಮ ಬಳಗದಲ್ಲೇ ಈ ವಾರ ಮೂರು ಮನೆಯವರು ಸಾಮಾನು ಕಟ್ಟುತ್ತಿದ್ದಾರೆ. ಅವರಲ್ಲಿ ಒಬ್ಬ ತಂಗಿ ಕೇಳಿದ ಪ್ರಶ್ನೆಯೇ ಇವತ್ತಿನ ಪಾಠ. "ಅಕ್ಕಾ, ಹನ್ನೆರಡು ವರ್ಷದ ಸಾಮಾನು. ಅರ್ಧಕ್ಕರ್ಧ ಬೇಡ. ಬೇಡವಾದದ್ದನ್ನೆಲ್ಲ ಮೂಟೆ ಕಟ್ಟಿ ಕಸದ ಗಾಡಿಯ ಅಮ್ಮನಿಗೆ ಕೊಟ್ಟುಬಿಡಲೇ? ದಾನವೂ ಆಯಿತು, ಮನೆಯೂ ಖಾಲಿ ಆಯಿತು."

ಕೇಳಿದ ಮನಸ್ಸು ಒಳ್ಳೆಯದೇ. ಆದರೆ "ದಾನವೂ ಆಯಿತು" ಅನ್ನುವ ಮಾತಿನ ಹತ್ತಿರ ನಾವು ಸ್ವಲ್ಪ ನಿಲ್ಲಬೇಕು.

ಅಂಗುತ್ತರ ನಿಕಾಯದ ಪಂಚಕ ನಿಪಾತದಲ್ಲಿ ಭಗವಾನರು ಅಸತ್ಪುರುಷನ ದಾನಕ್ಕೆ ಐದು ಲಕ್ಷಣ ಹೇಳುತ್ತಾರೆ. ಆದರವಿಲ್ಲದೆ ಕೊಡುವುದು, ಎದುರಿನವರಿಗೆ ಮರ್ಯಾದೆ ಇಲ್ಲದೆ ಕೊಡುವುದು, ತನ್ನ ಕೈಯಾರೆ ಕೊಡದಿರುವುದು, ಬಿಸಾಡಬೇಕಾದ್ದನ್ನು ಕೊಡುವುದು, ಕೊಟ್ಟದ್ದಕ್ಕೆ ಫಲವುಂಟೆಂಬ ದೃಷ್ಟಿ ಇಲ್ಲದೆ ಕೊಡುವುದು. ನಾಲ್ಕನೆಯದಕ್ಕೆ ಪಾಲಿಯಲ್ಲಿರುವ ಪದ 'ಅಪವಿದ್ಧ'. ಎಸೆದದ್ದು, ಬಿಸಾಡಿದ್ದು ಎಂದು ಅರ್ಥ. ಸತ್ಪುರುಷನ ದಾನ ಈ ಐದಕ್ಕೂ ವಿರುದ್ಧವಾದದ್ದು. ಎರಡೂವರೆ ಸಾವಿರ ವರ್ಷದ ಹಿಂದೆಯೇ ಜನ ಮನೆಯ ಕಸವನ್ನು ಇನ್ನೊಬ್ಬರ ಕೈಗೆ ಹಾಕಿ ಪುಣ್ಯ ಎಣಿಸಿಕೊಳ್ಳುತ್ತಿದ್ದರು ಅಂತ ಕಾಣುತ್ತದೆ. ಇಲ್ಲದಿದ್ದರೆ ಭಗವಾನರು ಅದನ್ನು ಬಿಡಿಸಿ ಹೇಳಬೇಕಾಗುತ್ತಿರಲಿಲ್ಲ.

ಇದನ್ನೇ ಇನ್ನೊಂದು ಪುಸ್ತಕದ ಎದುರಿಗೆ ಇಟ್ಟು ನೋಡಿ. ಮನುಸ್ಮೃತಿಯ ಹತ್ತನೆಯ ಅಧ್ಯಾಯದಲ್ಲಿ, ಸೇವೆ ಮಾಡುವ ಶೂದ್ರನಿಗೆ ಏನು ಕೊಡಬೇಕು ಎಂಬ ಪಟ್ಟಿ ಇದೆ. ಉಂಡು ಉಳಿದ ಅನ್ನ, ಹಳೆಯ ಬಟ್ಟೆ, ಜೊಳ್ಳು ಕಾಳು, ಮನೆಯ ಹಳೆಯ ಸಾಮಾನು. ಅದೇ ಅಧ್ಯಾಯದಲ್ಲಿ ಚಂಡಾಲರ ಪಾಲಿಗೆ ಬರೆದಿರುವುದು ಸತ್ತವರ ಬಟ್ಟೆ ಮತ್ತು ಒಡೆದ ಪಾತ್ರೆಯಲ್ಲಿ ಊಟ. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಸುಟ್ಟದ್ದು ಈ ಪುಸ್ತಕವನ್ನೇ. ಅದೇ ವರ್ಷ ಮಾರ್ಚ್‌ನಲ್ಲಿ ಅಲ್ಲೇ ನಡೆದ ಪರಿಷತ್ತಿನಲ್ಲಿ ಬಾಬಾಸಾಹೇಬರು ನಮ್ಮ ಜನರಿಗೆ ಹೇಳಿದ್ದು, ಸತ್ತ ದನದ ಮಾಂಸ ಬಿಡಿ, ಎಸೆದ ತುತ್ತಿಗೆ ಕೈ ಒಡ್ಡುವುದು ಬಿಡಿ ಎಂದು.

ಅಂದರೆ ಹಳೆ ಬಟ್ಟೆ, ಹಳೆ ಪಾತ್ರೆ ಅನ್ನುವುದು ನಮ್ಮ ಪಾಲಿಗೆ ಬರೀ ಸಾಮಾನಲ್ಲ. ನಮ್ಮ ಅಜ್ಜ ಅಜ್ಜಿಯರು ಗೌಡರ ಮನೆ ಹಿತ್ತಲಲ್ಲಿ ನಿಂತು ಇಸಿದುಕೊಂಡ ಹರಕು ಧೋತರ, ಮೇಲಿನಿಂದ ಮಡಿಲಿಗೆ ಬಿದ್ದ ತಂಗಳು ರೊಟ್ಟಿ, ಅದೂ ಅದರ ಜೊತೆ ಬರುತ್ತದೆ. ಈಗ ನೌಕರಿ ಸಿಕ್ಕಿ ಬಡಾವಣೆಗೆ ಬಂದ ನಾವು ಮನೆ ಖಾಲಿ ಮಾಡುತ್ತಿದ್ದೇವೆ. ಗೇಟಿನ ಹೊರಗೆ ಗಾಡಿ ಹಿಡಿದು ನಿಂತ ಆ ಅಮ್ಮ ಬಹಳ ಕಡೆ ನಮ್ಮ ಕೇರಿಯವಳೇ. ಅವಳ ಕೈಗೆ ಹಿಡಿ ಮುರಿದ ಬಾಣಲೆ, ಗುಂಡಿ ಕಿತ್ತ ಅಂಗಿ ಇಟ್ಟಾಗ ನಾವು ನಿಂತಿರುವುದು ಯಾರ ಜಾಗದಲ್ಲಿ? ನನಗಂತೂ ಈ ಪ್ರಶ್ನೆ ಚುಚ್ಚುತ್ತದೆ.

ಕೆಲವರು ಕೇಳಬಹುದು, ಭಿಕ್ಕುಗಳೇ ಚಿಂದಿ ಉಡುತ್ತಿದ್ದರಲ್ಲವೇ ಎಂದು. ಹೌದು. ಮಸಣದ, ತಿಪ್ಪೆಯ ಬಟ್ಟೆ ಆಯ್ದು, ಒಗೆದು, ಹೊಲಿದು ಉಡುವ ಚೀವರಕ್ಕೆ ಪಂಸುಕೂಲ ಎನ್ನುತ್ತಾರೆ. ಆದರೆ ಅದು ಅವರು ತಾವಾಗಿ ಆರಿಸಿಕೊಂಡದ್ದು. ಜೀವಕ ವೈದ್ಯ ಉತ್ತಮ ಬಟ್ಟೆ ತಂದು ಅರ್ಪಿಸಿದಾಗ ಭಗವಾನರು ಗೃಹಸ್ಥರು ಕೊಡುವ ಬಟ್ಟೆಗೂ ಅನುಮತಿ ಕೊಟ್ಟರು. ಇಷ್ಟವಿದ್ದವರು ಪಂಸುಕೂಲ ಉಡಲಿ, ಇಷ್ಟವಿದ್ದವರು ದಾನದ ಬಟ್ಟೆ ಉಡಲಿ ಎಂದರು. ಆಯ್ಕೆ ಇದ್ದವನ ಚಿಂದಿಗೂ ಆಯ್ಕೆ ಇಲ್ಲದವನ ಚಿಂದಿಗೂ ಅಜಗಜಾಂತರ.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತು. ಈಗ ಮೊಬೈಲ್ ತುಂಬ ಉಪದೇಶವೋ ಉಪದೇಶ: ಬುದ್ಧ ಎಲ್ಲ ಬಿಟ್ಟ, ನೀವೂ ಬಿಡಿ, ಕಪಾಟು ಖಾಲಿ ಮಾಡಿ, ಮನಸ್ಸು ಹಗುರಾಗುತ್ತದೆ. ಮೂರು ತಲೆಮಾರಿನಿಂದ ಕಪಾಟು ತುಂಬಿದ್ದವರಿಗೆ ಇದು ಸರಿಯಿರಬಹುದು. ನಮ್ಮ ಎಷ್ಟೋ ಮನೆಗಳಲ್ಲಿ ಕಪಾಟು ಬಂದದ್ದೇ ನಮ್ಮ ತಲೆಮಾರಿಗೆ. ಅದಕ್ಕೆ ಮುಂಚೆ ಒಂದು ತಗಡಿನ ಟ್ರಂಕು, ಅಷ್ಟೇ. ಗೃಹಸ್ಥನಿಗೆ ಇರುವ ನಾಲ್ಕು ಸುಖಗಳನ್ನು ಭಗವಾನರು ಅನಾಥಪಿಂಡಿಕನಿಗೆ ಹೇಳುವಾಗ ಮೊದಲು ಹೇಳಿದ್ದೇ ದುಡಿದು ಗಳಿಸಿದ್ದು ತನ್ನ ಬಳಿ ಇದೆ ಎಂಬ ಸುಖ. ಎರಡನೆಯದು ಅದನ್ನು ಅನುಭವಿಸುವ, ಅದರಿಂದ ಪುಣ್ಯಕಾರ್ಯ ಮಾಡುವ ಸುಖ. ಮೂರನೆಯದು ಸಾಲವಿಲ್ಲದ ಸುಖ. ನಾಲ್ಕನೆಯದು ನಿಂದೆಗೆ ಎಡೆಯಿಲ್ಲದ ನಡತೆಯ ಸುಖ. ನಿಮ್ಮ ದುಡಿಮೆಯ ಮಿಕ್ಸರ್, ಮಂಚ, ನಾಲ್ಕು ಒಳ್ಳೆಯ ಸೀರೆ ಇಟ್ಟುಕೊಳ್ಳಲು ನಾಚಿಕೆ ಬೇಡ.

ಹಾಗಾದರೆ ನಿಜವಾಗಿ ಬೇಡವಾದದ್ದನ್ನು ಏನು ಮಾಡುವುದು? ಚುಲ್ಲವಗ್ಗದಲ್ಲಿ ಆನಂದರ ಒಂದು ಪ್ರಸಂಗವಿದೆ. ಭಗವಾನರ ಪರಿನಿಬ್ಬಾಣದ ನಂತರ ಅವರು ಕೋಸಂಬಿಗೆ ಹೋದಾಗ ಉದೇನ ರಾಜನ ಅಂತಃಪುರದ ಹೆಂಗಸರು 500 ಮೇಲುಹೊದಿಕೆ ಕೊಟ್ಟರು. ರಾಜನಿಗೆ ಸಿಟ್ಟು. ಈ ಸನ್ಯಾಸಿಗೆ ಇಷ್ಟು ಬಟ್ಟೆ ಯಾಕೆ, ಅಂಗಡಿ ಇಡುತ್ತಾನೆಯೇ ಎಂದು ನೇರ ಬಂದು ಕೇಳಿಯೇಬಿಟ್ಟ. ಚೀವರ ಹರಿದುಹೋದ ಭಿಕ್ಕುಗಳಿಗೆ ಹಂಚುತ್ತೇವೆ ಎಂದರು ಆನಂದರು. ಸರಿ, ಅವರ ಹಳೆಯ ಚೀವರ? ಹಾಸಿಗೆಗೆ ಮೇಲುಹಾಸು. ಹಳೆಯ ಮೇಲುಹಾಸು? ಹಾಸಿಗೆಯ ಗವಸು. ಹಳೆಯ ಗವಸು? ನೆಲಹಾಸು. ಹಳೆಯ ನೆಲಹಾಸು? ಕಾಲೊರಸು. ಹಳೆಯ ಕಾಲೊರಸು? ಧೂಳು ಒರೆಸುವ ಬಟ್ಟೆ. ಅದೂ ಹಳತಾದರೆ? ಕತ್ತರಿಸಿ, ಕೆಸರಿನ ಜೊತೆ ಕಲೆಸಿ, ನೆಲಕ್ಕೆ ಮೆತ್ತುತ್ತೇವೆ. ರಾಜ ಸಂತೋಷಪಟ್ಟು ಇನ್ನೂ 500 ಕೊಟ್ಟ.

ತರಗತಿಯಲ್ಲಿ ಹೇಳುವ ಹಾಗೆ ಹೇಳುತ್ತೇನೆ, ಈ ಕತೆಯನ್ನು ಎರಡು ಸಲ ಓದಿ. ಹೊಸ ಬಟ್ಟೆ ಹೋಗುವುದು ಇನ್ನೊಬ್ಬರಿಗೆ. ಹಳತು ತಮ್ಮ ವಿಹಾರದೊಳಗೇ ಒಂದೊಂದು ಮೆಟ್ಟಿಲು ಇಳಿಯುತ್ತ ಕೊನೆಗೆ ನೆಲ ಸೇರುತ್ತದೆ. ಹರಕನ್ನು ಊರಿಗೆ ಹಂಚುತ್ತೇವೆ ಎಂದು ಆನಂದರು ಎಲ್ಲೂ ಹೇಳುವುದಿಲ್ಲ. ನಮ್ಮ ಕಡೆಯ ಅಜ್ಜಿಯರಿಗೆ ಈ ಲೆಕ್ಕ ಗೊತ್ತಿತ್ತು. ಸವೆದ ಸೀರೆ ಕೌದಿಯಾಯಿತು, ಕೌದಿ ಹರಿದರೆ ಕೂಸಿನ ಹಾಸು, ಅದೂ ಹರಿದರೆ ಒಲೆಯ ಮೇಲಿನ ಪಾತ್ರೆ ಇಳಿಸುವ ಮಸಿಬಟ್ಟೆ.

ಆದ್ದರಿಂದ ಬಟ್ಟೆಯ ರಾಶಿ ಮುಂದೆ ಕೂತಾಗ ಹೀಗೆ ಮಾಡಿ. ಹಬ್ಬಕ್ಕೆ ಬಂದ ನಿಮ್ಮ ಸ್ವಂತ ತಂಗಿಗೆ ಕೊಡಬಲ್ಲಿರಾ? ಹಾಗಿದ್ದರೆ ಅದು ಕೊಡುವ ರಾಶಿಗೆ. ಒಗೆದು, ಗುಂಡಿ ಹಾಕಿ, ಇಸ್ತ್ರಿ ಮಾಡಿ. ತಂಗಿಗೆ ಕೊಡಲಾಗದ್ದು ಮನೆಯ ಒರೆಸುವ ಬಟ್ಟೆ ಆಗಲಿ. ಪ್ಲೇಟು, ಲೋಟಗಳನ್ನು ಹೊಸ ಮನೆಗೆ ಸಾಗಿಸುವಾಗ ಸುತ್ತಲು ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಒಡೆದ ಪ್ಲಾಸ್ಟಿಕ್, ತಳ ಹೋದ ಪಾತ್ರೆ, ಹಳೆ ಪೇಪರ್ ಗುಜರಿಗೆ. ಗುಜರಿಯವರು ತೂಕ ಹಾಕಿ ಕಾಸು ಕೊಡುತ್ತಾರೆ. ಅದು ವ್ಯಾಪಾರ, ಯಾರಿಗೂ ಅವಮಾನವಿಲ್ಲ. ಒಡೆದ ಗಾಜು ಮಾತ್ರ ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ 'ಗಾಜು' ಎಂದು ಬರೆದು, ಬಾಯಲ್ಲೂ ಹೇಳಿ ಕಸಕ್ಕೆ ಕೊಡಿ. ಗಾಡಿಯ ಅಮ್ಮ ಕೈಯಿಂದಲೇ ಕಸ ಬೇರ್ಪಡಿಸುತ್ತಾಳೆ. ಅವಳಿಗೆ ಏನಾದರೂ ಕೊಡುವ ಮನಸ್ಸಿದ್ದರೆ ಮೊದಲು ಕೇಳಿ: "ಅಮ್ಮಾ, ಈ ಕುಕ್ಕರ್ ಚೆನ್ನಾಗಿದೆ, ನಿಮಗೆ ಬೇಕಾಗಬಹುದೇ?" ಬೇಡ ಅನ್ನುವ ಹಕ್ಕು ಅವಳಿಗೆ ಇರಲಿ. ಒಳಗೆ ಕರೆದು, ಕೂರಿಸಿ, ನೀರು ಕೊಟ್ಟು, ನಿಮ್ಮ ಕೈಯಾರೆ ಕೊಡಿ.

ಕೊಡುವ ಪೆಟ್ಟಿಗೆ ಮೂಲೆಯಲ್ಲಿ ಕೂತು ಹೊಸ ಮನೆಗೂ ಬಂದುಬಿಡುತ್ತದೆ, ಇದು ಎಲ್ಲರ ಅನುಭವ. ವಿನಯದಲ್ಲಿ ಇದಕ್ಕೂ ಒಂದು ಲೆಕ್ಕವಿದೆ. ಆನಂದರಿಗೆ ಒಂದು ಹೆಚ್ಚಿನ ಚೀವರ ಬಂತು. ಅದನ್ನು ಸಾರಿಪುತ್ತರಿಗೆ ಕೊಡಬೇಕೆಂದು ಅವರ ಆಸೆ, ಸಾರಿಪುತ್ತರು ಸಾಕೇತದಲ್ಲಿದ್ದರು. ಬರಲು ಎಷ್ಟು ದಿನವಾಗಬಹುದು ಎಂದು ಭಗವಾನರು ಕೇಳಿದರು. ಒಂಬತ್ತೋ ಹತ್ತೋ ದಿನ. ಅಲ್ಲಿಂದ ಹೆಚ್ಚಿನ ಚೀವರವನ್ನು ಹತ್ತು ದಿನ ಇಟ್ಟುಕೊಳ್ಳಬಹುದು ಎಂಬ ನಿಯಮ ಬಂತು. ಪೆಟ್ಟಿಗೆಯ ಮೇಲೆ ಯಾರಿಗೆ ಎಂದು ಹೆಸರು ಬರೆಯಿರಿ, ಹತ್ತು ದಿನದ ಗಡುವು ಹಾಕಿ.

ಪುಸ್ತಕಗಳಿಗೆ ಈ ಯಾವ ನಿಯಮವೂ ಬೇಡ. ಭಾರ ಎಂದು ಪುಸ್ತಕ ತೂಕಕ್ಕೆ ಹಾಕುವವರಿಗೆ ನೆನಪಿರಲಿ, 1917ರಲ್ಲಿ ಲಂಡನ್ನಿನಿಂದ ಹಿಂದಿರುಗುವಾಗ ಬಾಬಾಸಾಹೇಬರ ಪುಸ್ತಕಗಳಿದ್ದ ಸಾಮಾನು ಬೇರೆ ಹಡಗಿನಲ್ಲಿತ್ತು, ಆ ಹಡಗು ಟಾರ್ಪಿಡೊ ಬಡಿದು ಮುಳುಗಿತು. ಮುಂದೆ ದಾದರಿನಲ್ಲಿ ರಾಜಗೃಹ ಕಟ್ಟಿಸಿದಾಗ ಅವರು ಜಾಗ ಯೋಚಿಸಿದ್ದೇ ಪುಸ್ತಕಗಳಿಗಾಗಿ. ಸಣ್ಣ ಸಣ್ಣ ಪೆಟ್ಟಿಗೆಗಳಲ್ಲಿ ತುಂಬಿ. ದೊಡ್ಡ ಪೆಟ್ಟಿಗೆ ಎತ್ತುವವರ ಸೊಂಟ ಮುರಿಯುತ್ತದೆ. ಅಂಕಪಟ್ಟಿ, ಟಿ.ಸಿ., ಪಹಣಿ, ಜಾತಿ ಪ್ರಮಾಣಪತ್ರ, ದೀಕ್ಷೆಯ ಪತ್ರ ಲಾರಿಗೆ ಹಾಕಬೇಡಿ, ನಿಮ್ಮ ಹೆಗಲ ಚೀಲದಲ್ಲೇ ಇರಲಿ. ದೀಕ್ಷೆ ತೆಗೆದುಕೊಂಡ ಉತ್ಸಾಹದಲ್ಲಿ ಜಾತಿ ಪತ್ರ ಹರಿದುಹಾಕುವ ತಮ್ಮಂದಿರಿದ್ದಾರೆ. 1990ರ ತಿದ್ದುಪಡಿಯಿಂದ ಬೌದ್ಧರಾದ ಪರಿಶಿಷ್ಟ ಜಾತಿಯವರಿಗೂ ಆ ಹಕ್ಕು ಇದೆ. ಹರಿದರೆ ನಷ್ಟ ನಿಮ್ಮ ಮಕ್ಕಳಿಗೆ.

ಅಟ್ಟದಲ್ಲಿ ಹಳೆಯ ದೇವರ ಫೋಟೋಗಳು ಸಿಗುತ್ತವೆ. 22 ಪ್ರತಿಜ್ಞೆ ತೆಗೆದುಕೊಂಡವರ ಮನೆಯಲ್ಲಿ ಇದು ಜಗಳದ ಮೂಲ. ಪ್ರತಿಜ್ಞೆ ನನ್ನದು, ನನ್ನ ಅತ್ತೆಯದಲ್ಲ. ಅವರ ಟ್ರಂಕನ್ನು ಅವರೇ ಕಟ್ಟಲಿ, ನಾವು ಮುಚ್ಚಳ ತೆಗೆಯುವುದು ಬೇಡ. ನಮ್ಮದೇ ಆಗಿದ್ದರೆ ಗಾಜು, ಕಟ್ಟು ಬಿಚ್ಚಿ ಬಳಸಿಕೊಳ್ಳಿ. ಒಯ್ದು ಅರಳಿ ಮರದ ಬುಡದಲ್ಲಿ ಇಟ್ಟು ಬರಬೇಡಿ. ಬೋಧಿವೃಕ್ಷದ ಬುಡ ಎಲ್ಲರ ಮನೆಯ ಹಳೆ ಫೋಟೋ ಸುರಿಯುವ ಜಾಗವಾಗಿರುವುದು ನೋಡಲಾಗುವುದಿಲ್ಲ.

ಇನ್ನು ಬಾಬಾಸಾಹೇಬರ ಫೋಟೋ. ಬಾಡಿಗೆ ಮನೆಗೆ ಹೋಗುವಾಗ ಅದನ್ನು ಎಲ್ಲಕ್ಕಿಂತ ಕೆಳಗಿನ ಪೆಟ್ಟಿಗೆಯಲ್ಲಿಟ್ಟು, ಮಾಲೀಕರು ಒಗ್ಗಿದ ಮೇಲೆ ತೆಗೆಯೋಣ ಎನ್ನುವವರು ನಮ್ಮಲ್ಲಿ ಇದ್ದಾರೆ. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. 1917ರಲ್ಲಿ ಬರೋಡಾದಲ್ಲಿ ಯಾರೂ ಜಾಗ ಕೊಡದಾಗ ಬಾಬಾಸಾಹೇಬರೇ ಪಾರ್ಸಿ ಹೆಸರಿನಲ್ಲಿ ಪಾರ್ಸಿ ತಂಗುದಾಣದಲ್ಲಿ ಉಳಿದಿದ್ದರು. ಹನ್ನೊಂದನೇ ದಿನ ದೊಣ್ಣೆ ಹಿಡಿದ ಗುಂಪು ಬಂದು ಹೊರಡಿಸಿತು. ಕಾಮಾಟಿ ಬಾಗ್ ಉದ್ಯಾನದಲ್ಲಿ ಹೊತ್ತು ಕಳೆದು, ರಾತ್ರಿ ರೈಲಿಗೆ ಮುಂಬಯಿಗೆ ಹೋದರು. ಅದನ್ನು ಅವರೇ ಬರೆದಿದ್ದಾರೆ, ಮುಚ್ಚಿಟ್ಟಿಲ್ಲ. ಆದರೆ ಅಡಗಿಸಿಟ್ಟ ಫೋಟೋವನ್ನು ಮಕ್ಕಳು ನೋಡುತ್ತಿರುತ್ತಾರೆ. ನನ್ನ ಸಲಹೆ ಇಷ್ಟು: ಅಡ್ವಾನ್ಸ್ ಕೊಡುವ ಮೊದಲೇ, "ಗೋಡೆಗೆ ಎರಡು ಮೊಳೆ ಹೊಡೆಯುತ್ತೇವೆ, ಒಂದು ಬುದ್ಧರಿಗೆ, ಒಂದು ಬಾಬಾಸಾಹೇಬರಿಗೆ" ಎಂದು ಸಹಜವಾಗಿ ಹೇಳಿಬಿಡಿ. ಮುಖ ಬದಲಾಗುವುದಿದ್ದರೆ ಆಗಲೇ ಬದಲಾಗಲಿ, ದುಡ್ಡು ನಿಮ್ಮ ಜೇಬಿನಲ್ಲೇ ಇರುತ್ತದೆ.

ಬಿಟ್ಟು ಹೋಗುವ ಮನೆಯ ವಿಷಯಕ್ಕೂ ಶಿಕ್ಷಾಪದವಿದೆ. ಸಂಘದ ಮಂಚ, ಹಾಸಿಗೆ ಬಳಸಿದ ಭಿಕ್ಕು ಅದನ್ನು ಎತ್ತಿಡದೆ, ಎತ್ತಿಡಿಸದೆ, ಯಾರಿಗೂ ಹೇಳದೆ ಹೊರಟರೆ ಪಾಚಿತ್ತಿಯ ದೋಷ. ನಾವೂ ಗುಡಿಸಿ, ಒರೆಸಿ, ಕರೆಂಟು ನೀರಿನ ಬಾಕಿ ಕಟ್ಟಿ, ಬೀಗದ ಕೈಯನ್ನು ಕೈಗೇ ಕೊಟ್ಟು ಹೊರಡೋಣ.

ಮುಹೂರ್ತ ಯಾವುದು ಎಂದು ಕೇಳಿದವರಿಗೆ: ಭಗವಾನರು ಸಾರನಾಥದಲ್ಲಿ ಮೊದಲ ಉಪದೇಶ ಕೊಟ್ಟದ್ದು ಆಷಾಢದ ಹುಣ್ಣಿಮೆಯಂದು. ಜನ ಬೇಡವೆನ್ನುವ ತಿಂಗಳು ಅದೇ. ಮಳೆ ನೋಡಿಕೊಂಡು ಒಂದು ಒಳ್ಳೆಯ ಟಾರ್ಪಾಲು ಹೊಂದಿಸಿ. ಆ ತಿಂಗಳು ಲಾರಿಯವರೂ ಚೌಕಾಸಿಗೆ ಸ್ವಲ್ಪ ಬಗ್ಗುತ್ತಾರೆ.

ಭವತು ಸಬ್ಬ ಮಂಗಲಂ. ಜೈ ಭೀಮ್.