ಹೆಣಿಗೆ ಕಡ್ಡಿಗಳಿಗೊಂದು ಬಟ್ಟೆಯ ಸುರುಳಿಚೀಲ

ಈ ಪಾಠದಲ್ಲಿ ಸ್ವೆಟರ್ ಹೆಣೆಯುವ ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಇಡುವ ಒಂದು ಬಟ್ಟೆಯ ಚೀಲವನ್ನು ಹೊಲಿಯುವುದು ಹೇಗೆಂದು ನೋಡೋಣ. ಬಿಚ್ಚಿದರೆ ಚಾಪೆಯಂತೆ ಹರಡುತ್ತದೆ, ಸುತ್ತಿದರೆ ಒಂದು ಕೈಯಲ್ಲಿ ಹಿಡಿಯಬಹುದಾದ ಸುರುಳಿಯಾಗುತ್ತದೆ. ಹೊಲಿಗೆ ಕಷ್ಟವಲ್ಲ. ಅಳತೆಯೇ ಮುಖ್ಯ, ಆದ್ದರಿಂದ ಈ ಲೇಖನದ ಹೆಚ್ಚು ಭಾಗ ಅಳತೆಗೇ ಹೋಗಿದೆ.

ಕುಮಾರಸ್ವಾಮಿ ಲೇಔಟ್, ಇಲ್ಯಾಸ್ ನಗರದ ಕಡೆಯ ಎಷ್ಟೋ ಮನೆಗಳಲ್ಲಿ ಒಂದು ಹೊಲಿಗೆ ಯಂತ್ರವಿರುತ್ತದೆ. ಕೆಲವು ಮನೆಗಳಲ್ಲಿ ಅದರ ಜೊತೆಗೆ ಉಲ್ಲನ್ ಕೆಲಸವೂ ನಡೆಯುತ್ತದೆ. ಕಡ್ಡಿಗಳು ಮಾತ್ರ ಬಿಸ್ಕತ್ತಿನ ಡಬ್ಬಿಯಲ್ಲೋ, ರಬ್ಬರ್ ಬ್ಯಾಂಡ್ ಹಾಕಿದ ಹಳೇ ಪೇಪರಿನಲ್ಲೋ, ಅಲ್ಮಾರಿನ ಮೇಲೋ ಇರುತ್ತವೆ. ಅಲ್ಲಿ ಅವು ಬಾಗುತ್ತವೆ, ಅದಕ್ಕಿಂತ ಹೆಚ್ಚಾಗಿ ಜೋಡಿ ತಪ್ಪುತ್ತವೆ. ಜೋಡಿ ತಪ್ಪಿದರೆ ಏನು ಮಹಾ ನಷ್ಟ ಎಂದು ಕೇಳಬಹುದು.

ನಮ್ಮ ಅಮ್ಮಿ ನವೆಂಬರ್‌ನಿಂದ ಜನವರಿವರೆಗೆ ಮಕ್ಕಳ ಸ್ವೆಟರ್, ಟೋಪಿ ಹೆಣೆದು ಕೊಡುತ್ತಾರೆ. ಒಮ್ಮೆ ಪಕ್ಕದ ಬೀದಿಯ ಒಬ್ಬರು ಮೊಮ್ಮಗುವಿನ ಅಖೀಖಾಕ್ಕೆಂದು ಸ್ವೆಟರ್ ಹೇಳಿದ್ದರು. ಅಖೀಖಾ ಏಳನೇ ದಿನ, ಆದ್ದರಿಂದ ಸಮಯ ಕಡಿಮೆ. ಹಿಂಭಾಗಕ್ಕೆ 60 ಕುಣಿಕೆ, ಮುಂಭಾಗಕ್ಕೂ 60 ಕುಣಿಕೆ. ನಮ್ಮ ಮನೆಯಲ್ಲಿ ಕುಣಿಕೆಗೆ ಫಂದಾ ಎನ್ನುತ್ತೇವೆ. ಎರಡನ್ನೂ ಸೇರಿಸಲು ಹೋದಾಗ ಒಂದು ಭಾಗ ಇನ್ನೊಂದಕ್ಕಿಂತ ಮುಕ್ಕಾಲು ಇಂಚು ಅಗಲ! ಡಬ್ಬಿಯಿಂದ ಬಂದ ಕಡ್ಡಿಗಳಲ್ಲಿ ಒಂದು ಜೋಡಿ 10ನೇ ನಂಬರ್, ಇನ್ನೊಂದು 9. ತಲೆಗುಂಡಿಯ ಮೇಲಿನ ಅಂಕಿ ಅಳಿಸಿಹೋಗಿತ್ತು. 10ನೇ ನಂಬರಿನಲ್ಲಿ ಅಮ್ಮಿಯ ಕೈಗೆ ಇಂಚಿಗೆ ಆರೂವರೆ ಕುಣಿಕೆ ಬರುತ್ತವೆ, 9ರಲ್ಲಿ ಆರು. 60ನ್ನು 6.5ರಿಂದ ಭಾಗಿಸಿದರೆ 9.2 ಇಂಚು, 6ರಿಂದ ಭಾಗಿಸಿದರೆ 10 ಇಂಚು. ಅಮ್ಮಿ ಎರಡು ರಾತ್ರಿ ಕೂತು ಒಂದು ಭಾಗವನ್ನು ಬಿಚ್ಚಿ ಮತ್ತೆ ಹೆಣೆದರು. ಬಿಚ್ಚಿದ ದಾರ ಸುಕ್ಕಾಗಿ ಪುಕ್ಕಲಾಗಿದ್ದರಿಂದ ಹೊಸ ಉಂಡೆ ತರಬೇಕಾಯಿತು. ಮಜೂರಿಯಲ್ಲಿ ಅರ್ಧ ಅದಕ್ಕೇ ಹೋಯಿತು. ಈ ಚೀಲ ಹೊಲಿಯಲು ಹೊರಟಿದ್ದು ಆ ಮೇಲೆ.

ಮೊದಲು ನಂಬರಿನ ವಿಷಯ. ನಮ್ಮ ಅಂಗಡಿಗಳಲ್ಲಿ ಸಿಗುವ ಕಡ್ಡಿಗಳ ಮೇಲೆ ಸಾಮಾನ್ಯವಾಗಿ ಬ್ರಿಟಿಷರ ಹಳೆಯ ನಂಬರ್ ಇರುತ್ತದೆ. ಇದು ಉಲ್ಟಾ ಲೆಕ್ಕ: ನಂಬರ್ ಹೆಚ್ಚಾದಷ್ಟೂ ಕಡ್ಡಿ ಸಣ್ಣ. ತಂತಿಯ ಗೇಜಿನಿಂದ ಬಂದ ಪದ್ಧತಿ ಇದು. ತಂತಿಯನ್ನು ಸಣ್ಣ ಸಣ್ಣ ತೂತುಗಳ ಮೂಲಕ ಎಳೆಯುತ್ತಾ ಹೋದಂತೆ ಅದು ತೆಳ್ಳಗಾಗುತ್ತದೆ, ಗೇಜ್ ನಂಬರ್ ಏರುತ್ತದೆ. 12 ಅಂದರೆ 2.75 ಮಿ.ಮೀ., 11 ಅಂದರೆ 3, 10 ಅಂದರೆ 3.25, 9 ಅಂದರೆ 3.75, 8 ಅಂದರೆ 4, 6 ಅಂದರೆ 5 ಮಿ.ಮೀ., 4 ಅಂದರೆ 6, 0 ಅಂದರೆ 8. ಅಮೆರಿಕದವರ ನಂಬರ್ ಇದಕ್ಕೆ ತದ್ವಿರುದ್ಧವಾಗಿ ಏರುತ್ತದೆ. ಅವರ 6 ಅಂದರೆ 4 ಮಿ.ಮೀ., ಅವರ 8 ಅಂದರೆ 5 ಮಿ.ಮೀ. ಅಂದರೆ ನಮ್ಮ 8 ಅವರ 6, ನಮ್ಮ 6 ಅವರ 8. ಯೂಟ್ಯೂಬಿನಲ್ಲಿ ಅಮೆರಿಕದ ವಿಡಿಯೋ ನೋಡಿ ಅಂಗಡಿಗೆ ಹೋಗಿ 8ನೇ ನಂಬರ್ ಕೇಳಿದರೆ ಸ್ವೆಟರ್ ಗೊಂಬೆಗೆ ಆಗುತ್ತದೆ. ಎರಡೂ ಲೆಕ್ಕ ಒಂದೇ ಆಗುವುದು 7ರಲ್ಲಿ ಮಾತ್ರ, ಅದು ಎರಡರಲ್ಲೂ 4.5 ಮಿ.ಮೀ. (ಹೊಲಿಗೆ ಯಂತ್ರದ ಸೂಜಿಯಲ್ಲಿ ನಂಬರ್ ಹೆಚ್ಚಾದಂತೆ ದಪ್ಪ, ಕೈಸೂಜಿಯಲ್ಲಿ ಹೆಚ್ಚಾದಂತೆ ಸಣ್ಣ. ಈ ಜಗತ್ತನ್ನು ಯಾರು ಹೀಗೆ ಮಾಡಿದರೋ!) ಆದ್ದರಿಂದ ಚೀಲದ ಮೇಲೆ ಬರೆಯುವಾಗ ನಂಬರ್ ಜೊತೆಗೆ ಮಿಲಿಮೀಟರನ್ನೂ ಬರೆಯಬೇಕು.

ನಂಬರ್ ಅಳಿಸಿದ ಕಡ್ಡಿಯನ್ನು ಗುರುತಿಸುವುದು ಹೇಗೆ? ಪ್ರಥಮ ಪಿಯುಸಿ ವಿಜ್ಞಾನದವರಿಗೆ ಉತ್ತರ ಗೊತ್ತಿದೆ: ವರ್ನಿಯರ್ ಕ್ಯಾಲಿಪರ್ಸ್. ಅದರ ಲೀಸ್ಟ್ ಕೌಂಟ್ 0.1 ಮಿ.ಮೀ. ಒಂದರ ಪಕ್ಕದ ಇನ್ನೊಂದು ನಂಬರಿಗೆ ಇರುವ ವ್ಯತ್ಯಾಸ ಕಾಲು ಅಥವಾ ಅರ್ಧ ಮಿಲಿಮೀಟರ್. ಪೆಟ್ಟಿಗೆಯ ಸ್ಕೇಲಿಗೆ ಅದು ಕಾಣುವುದಿಲ್ಲ, ವರ್ನಿಯರ್‌ಗೆ ಚೆನ್ನಾಗಿ ಕಾಣುತ್ತದೆ. ಮೇಡಂ ಅನುಮತಿ ಪಡೆದು ಲ್ಯಾಬಿನಲ್ಲಿ ಹತ್ತು ನಿಮಿಷದಲ್ಲಿ ಎಲ್ಲ ಕಡ್ಡಿಗಳನ್ನೂ ಅಳೆಯಬಹುದು. ಕಡ್ಡಿಯ ನಡುಭಾಗವನ್ನೇ ಅಳೆಯಿರಿ, ತುದಿ ಚೂಪಾಗಿರುತ್ತದೆ. ಕಲಾ, ವಾಣಿಜ್ಯ ವಿಭಾಗದವರು ರಟ್ಟಿನಲ್ಲಿ ಗೊತ್ತಿರುವ ಕಡ್ಡಿಯಿಂದ ಬಿಗಿಯಾದ ತೂತು ಮಾಡಿ, ಗೊತ್ತಿಲ್ಲದ್ದನ್ನು ಅದರಲ್ಲಿ ತೂರಿಸಿ ನೋಡಬಹುದು. ಬಿಗಿಯಾಗಿ ನಿಂತರೆ ಅದೇ ನಂಬರ್.

ಈಗ ಒಂದು ಖಾನೆಗೆ ಎಷ್ಟು ಅಗಲ ಬೇಕು ಎಂಬ ಲೆಕ್ಕ. ಕಡ್ಡಿಯ ವ್ಯಾಸ 4 ಮಿ.ಮೀ. ಎಂದು ಖಾನೆಯನ್ನೂ 4 ಮಿ.ಮೀ. ಮಾಡಿದರೆ ಕಡ್ಡಿ ಒಳಗೆ ಹೋಗುವುದೇ ಇಲ್ಲ. ಖಾನೆ ಎಂದರೆ ಎರಡು ಪದರದ ಚಪ್ಪಟೆ ಬಟ್ಟೆ, ಅದು ಗುಂಡನೆಯ ಕಡ್ಡಿಯನ್ನು ಸುತ್ತಬೇಕು. ಸುತ್ತಳತೆ π ಗುಣಿಸು ವ್ಯಾಸ, ಅದರಲ್ಲಿ ಅರ್ಧವನ್ನು ಒಂದು ಪದರ ಕೊಡಬೇಕು. ಆದ್ದರಿಂದ ಒಂದು ಕಡ್ಡಿಗೆ ವ್ಯಾಸದ 1.57 ಪಟ್ಟು ಬೇಕು. ಜೋಡಿಯನ್ನು ಅಕ್ಕಪಕ್ಕ ಇಟ್ಟರೆ ಅವೆರಡನ್ನೂ ಸೇರಿಸಿ ಸುತ್ತುವ ದಾರದ ಉದ್ದ π ವ್ಯಾಸ ಕೂಡಿಸು ಎರಡು ವ್ಯಾಸ, ಅಂದರೆ ವ್ಯಾಸದ 5.14 ಪಟ್ಟು. ಅರ್ಧ ಮಾಡಿದರೆ 2.57 ಪಟ್ಟು. 4 ಮಿ.ಮೀ. ಜೋಡಿಗೆ 10.3 ಮಿ.ಮೀ., 8 ಮಿ.ಮೀ. ಜೋಡಿಗೆ 20.6 ಮಿ.ಮೀ. ಬಟ್ಟೆಯ ದಪ್ಪಕ್ಕೂ ಸಡಿಲಕ್ಕೂ 1 ಸೆಂ.ಮೀ. ಸೇರಿಸಿದರೆ ಸುಮಾರು 2 ಮತ್ತು 3 ಸೆಂ.ಮೀ.

ಗಣಿತ 2 ಸೆಂ.ಮೀ. ಸಾಕು ಅನ್ನುತ್ತದೆ, ತಲೆಗುಂಡಿ ಒಪ್ಪುವುದಿಲ್ಲ. ನಮ್ಮ ಮನೆಯ ಕಡ್ಡಿಗಳ ಗುಂಡಿ ಒಂದೊಂದೂ ಸುಮಾರು 1 ಸೆಂ.ಮೀ. ಅಗಲ. 2 ಸೆಂ.ಮೀ. ಖಾನೆಯಲ್ಲಿ ಎರಡು ಗುಂಡಿಗಳು ನಿಂತರೆ ಪಕ್ಕದ ಖಾನೆಯ ಗುಂಡಿಗೆ ತಗಲುತ್ತವೆ, ಸುತ್ತುವಾಗ ಒಂದರ ಮೇಲೊಂದು ಏರುತ್ತವೆ. ಹಾಗಾಗಿ 5 ಮಿ.ಮೀ.ವರೆಗಿನ ಎಲ್ಲ ಜೋಡಿಗೂ 2.5 ಸೆಂ.ಮೀ., ಅದಕ್ಕಿಂತ ದಪ್ಪದ್ದಕ್ಕೆ 3 ಸೆಂ.ಮೀ. ಇಟ್ಟೆವು.

ನಿಮ್ಮ ಮನೆಯಲ್ಲಿರುವ ಕಡ್ಡಿಗಳನ್ನು ನೆಲದ ಮೇಲೆ ಹರಡಿ ಎಣಿಸಿ. ನಮ್ಮಲ್ಲಿ ಇದ್ದದ್ದು ದಪ್ಪ ಜೋಡಿ 2, ಅದಕ್ಕೆ 6 ಸೆಂ.ಮೀ. ಸಣ್ಣ ಮತ್ತು ಮಧ್ಯಮ ಜೋಡಿ 8, ಅದಕ್ಕೆ 20. ಕಾಲುಚೀಲ ಹೆಣೆಯುವ, ಎರಡೂ ಕಡೆ ಚೂಪಾದ ನಾಲ್ಕರ ಸೆಟ್ 2, ಅದಕ್ಕೆ 5. ಕ್ರೋಶಾ ಕಡ್ಡಿ 3, ಅದಕ್ಕೆ 6. ಚಿಕ್ಕ ಕತ್ತರಿ, ಟೇಪು, ಪಿನ್ನುಗಳಿಗೆ ಒಂದು ಅಗಲ ಖಾನೆ, 8. ಒಟ್ಟು 45 ಸೆಂ.ಮೀ. ನಿಮ್ಮ ಮೊತ್ತ ಬೇರೆ ಬರುತ್ತದೆ, ಬರಲಿ. ಬೇರೆಯವರ ಅಳತೆಯಲ್ಲಿ ಹೊಲಿದ ಚೀಲದಲ್ಲಿ ನಿಮ್ಮ ಕಡ್ಡಿ ಹಿಡಿಸುವುದಿಲ್ಲ. ಮುಂದೆ ಕಡ್ಡಿ ಕೊಳ್ಳುವ ಯೋಚನೆಯಿದ್ದರೆ ಎರಡು ಖಾನೆ ಹೆಚ್ಚು ಇಡಿ, ಹತ್ತು ಇಡಬೇಡಿ. ಖಾಲಿ ಖಾನೆ ಎಂದರೆ ಏನೋ ಕಳೆದಿದೆ ಎಂದು ಅರ್ಥವಾಗಬೇಕು. ಈ ಚೀಲದ ದೊಡ್ಡ ಉಪಯೋಗವೇ ಅದು.

ಎತ್ತರ ಸುಲಭ. ಉದ್ದದ ಕಡ್ಡಿ 35 ಸೆಂ.ಮೀ., ಅದರ ಮೇಲೆ 2 ಬಿಡುವು, ಮಡಚಿ ಗುಂಡಿಗಳನ್ನು ಮುಚ್ಚಲು 13. ಒಟ್ಟು 50. ಜೇಬಿನ ಪಟ್ಟಿಯ ಮೇಲಂಚು ಮಾತ್ರ ಓರೆಯಾಗಿರಲಿ: ಎಡಗಡೆ 22 ಸೆಂ.ಮೀ., ಬಲಗಡೆ 9. ಉದ್ದದ ಕಡ್ಡಿಗಳು ಎಡಕ್ಕೆ ಆಳವಾಗಿ ನಿಲ್ಲುತ್ತವೆ. 15 ಸೆಂ.ಮೀ. ಕ್ರೋಶಾ ಕಡ್ಡಿ ಬಲಗಡೆಯಲ್ಲಿ ಎರಡು ಬೆರಳಿಗೆ ಸಿಗುವಷ್ಟು ಹೊರಗೆ ಉಳಿಯುತ್ತದೆ. ನೇರ ಪಟ್ಟಿ ಹಾಕಿದರೆ ಅದು ಬಾವಿಗೆ ಬಿದ್ದ ಹಾಗೆ.

ಬಟ್ಟೆಗೆ 36 ಇಂಚು ಪನ್ನದ ಪಾಪ್ಲಿನ್ ಒಂದು ಮೀಟರ್ ಸಾಕು, ಒಂದೂಕಾಲು ಇದ್ದರೆ ನಿಶ್ಚಿಂತೆ. ಬನಶಂಕರಿಯಲ್ಲಿ ಮೆಟ್ರೋ ಹತ್ತಿದರೆ ಏಳನೇ ನಿಲ್ದಾಣ ಚಿಕ್ಕಪೇಟೆ, ಅಲ್ಲಿ ಕಟ್ ಪೀಸ್‌ಗಳಿಗೆ ಬರವಿಲ್ಲ. ಆದರೆ ಅಷ್ಟು ದೂರ ಹೋಗಲೇಬೇಕೆಂದಿಲ್ಲ. ಚಿಕ್ಕದಾದ ಯೂನಿಫಾರಂ, ಗಟ್ಟಿ ಬೆಡ್‌ಶೀಟ್ ಇದಕ್ಕೆ ಚೆನ್ನಾಗಿ ಒಗ್ಗುತ್ತವೆ. ನೇಯ್ಗೆ ಬಿಗಿಯಾಗಿರಬೇಕು, ಇಲ್ಲದಿದ್ದರೆ ಕಡ್ಡಿಯ ತುದಿ ಕೆಳಗಿನಿಂದ ಇಣುಕುತ್ತದೆ. ದುಪಟ್ಟಾ ಬಟ್ಟೆ ಬೇಡ. ಹೊಸ ಬಟ್ಟೆಯಾದರೆ ಕತ್ತರಿಸುವ ಮೊದಲೇ ಒಗೆದು ಇಸ್ತ್ರಿ ಮಾಡಿ. ನೂರಕ್ಕೆ ನಾಲ್ಕರಷ್ಟು ಕುಗ್ಗಿದರೂ 45ರಲ್ಲಿ 1.8 ಸೆಂ.ಮೀ. ಹೋಗುತ್ತದೆ, ಅದು ಒಂದು ಕ್ರೋಶಾ ಖಾನೆಯ ಅಗಲ.

ಹೊರಬಟ್ಟೆ ಮತ್ತು ಲೈನಿಂಗ್ ನಡುವೆ ಮೆತ್ತನೆಯ ಪದರ ಬೇಕು. ಅದಕ್ಕೆ ಅಂಗಡಿಯ ಸ್ಪಂಜ್ ಹಾಳೆ ತರಬೇಡಿ, ಒಗೆದು ಒಗೆದು ಮೃದುವಾದ ಹತ್ತಿ ಸೀರೆಯನ್ನೋ ಲುಂಗಿಯನ್ನೋ ಎರಡು ಮಡಿಕೆ ಮಾಡಿ ಇಡಿ. ನಮ್ಮ ರಾಜ್ಯದಲ್ಲಿ ಕೌದಿ ಹೊಲಿಯುವವರು ಮಾಡುವುದು ಇದನ್ನೇ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೌದಿಗಳು ಈಗ ಹೊರದೇಶದ ಪ್ರದರ್ಶನಗಳವರೆಗೂ ಹೋಗಿವೆ. ಸಿದ್ದಿಯರಲ್ಲಿ ಮುಸ್ಲಿಮರು, ಹಿಂದೂಗಳು, ಕ್ರೈಸ್ತರು ಮೂವರೂ ಇದ್ದಾರೆ, ಹೊಲಿಗೆಯ ರೀತಿ ಒಂದೇ. ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಶುರುಮಾಡಿ, ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ಎಲ್ಲ ಪದರವನ್ನೂ ಹಿಡಿಯುವುದು ಸಾದಾ ಓಟದ ಹೊಲಿಗೆ ಮಾತ್ರ. ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ಹೂವು ಇಡದೆ ಕೌದಿ ಮುಗಿಯಿತು ಅನ್ನುವುದಿಲ್ಲ. ಅಂಚಿನಿಂದ ಒಳಗೆ ಬರುವ ಆ ಕ್ರಮವನ್ನು ನಾವೂ ಅನುಸರಿಸಿದೆವು. ಯಂತ್ರದಲ್ಲಿ ಉದ್ದುದ್ದ ಗೆರೆ ಹೊಡೆದಾಗ ಕೆಳಗಿನ ಪದರ ಸರಿಯುತ್ತಿತ್ತು, ಕೈಯಲ್ಲಿ ಹೊಲಿದಾಗ ಸರಿಯಲಿಲ್ಲ.

ಕತ್ತರಿಸುವ ಅಳತೆ ಇದು. ಹೊರಬಟ್ಟೆ 48 ಗುಣಿಸು 53, ನಡುಪದರವೂ ಅಷ್ಟೇ. ಕೌದಿ ಹೊಲಿಗೆ ಬಟ್ಟೆಯನ್ನು ಸ್ವಲ್ಪ ಎಳೆದುಕೊಳ್ಳುವುದರಿಂದ 1 ಸೆಂ.ಮೀ. ಹೆಚ್ಚು. ಲೈನಿಂಗ್ 47 ಗುಣಿಸು 52, ಇದರಲ್ಲಿ ಸುತ್ತಲೂ 1 ಸೆಂ.ಮೀ. ಮಾರ್ಜಿನ್ ಸೇರಿದೆ. ಜೇಬಿಗೆ 47 ಅಗಲದ ಎರಡು ತುಂಡು, ಒಂದು ಬದಿ 24, ಇನ್ನೊಂದು ಬದಿ 11. ಒಂದರ ಓರೆ ಇನ್ನೊಂದರ ಪ್ರತಿಬಿಂಬದಂತೆ ಇರಬೇಕು, ಆದ್ದರಿಂದ ಬಟ್ಟೆಯನ್ನು ಮಡಚಿ ಎರಡನ್ನೂ ಒಟ್ಟಿಗೆ ಕತ್ತರಿಸಿ. ಕಟ್ಟುವ ಲಾಡಿಗೆ 4 ಅಗಲ, 90 ಉದ್ದದ ಒಂದು ಪಟ್ಟಿ.

ಹೊರಬಟ್ಟೆಗೆ ನಡುಪದರ ಇಟ್ಟು ಕಚ್ಚಾ ಹೊಲಿಗೆ ಹಾಕಿ, ಅಂಚಿನಿಂದ ನಡುವಿಗೆ ಎರಡೆರಡು ಬೆರಳು ಅಂತರದಲ್ಲಿ ಓಟದ ಹೊಲಿಗೆ ಹಾಕುತ್ತಾ ಬನ್ನಿ. ಮುಗಿದ ಮೇಲೆ 47 ಗುಣಿಸು 52ಕ್ಕೆ ಸರಿಮಾಡಿ. ಜೇಬಿನ ಎರಡು ತುಂಡುಗಳ ಸೀದಾ ಬದಿಗಳನ್ನು ಎದುರುಬದುರು ಇಟ್ಟು ಓರೆ ಅಂಚನ್ನು ಮಾತ್ರ ಹೊಲಿದು ತಿರುಗಿಸಿ. ಓರೆ ಕತ್ತರಿಸಿದ ಬಟ್ಟೆ ಹಿಗ್ಗುತ್ತದೆ, ಎಳೆಯದೆ ಹೊಲಿಯಿರಿ, ಮೇಲೆ ಇನ್ನೊಂದು ಹೊಲಿಗೆ ಹೊಡೆಯಿರಿ. ಇದನ್ನು ಲೈನಿಂಗ್‌ನ ಸೀದಾ ಬದಿಯ ಮೇಲೆ ಕೆಳಅಂಚಿಗೆ ಸರಿಯಾಗಿ ಕೂರಿಸಿ, ಚಾಕಿನಲ್ಲಿ ಖಾನೆಗಳ ಗೆರೆ ಎಳೆಯಿರಿ. ಎಡ ಅಂಚಿನ 1 ಸೆಂ.ಮೀ. ಮಾರ್ಜಿನ್ ಬಿಟ್ಟೇ ಅಳೆಯಬೇಕು.

ಖಾನೆಯ ಗೆರೆಗಳನ್ನು ಕೆಳಗಿನಿಂದ ಮೇಲಕ್ಕೆ ಹೊಲಿಯಿರಿ. ಮೇಲ್ತುದಿಯಲ್ಲಿ ಮೂರು ನಾಲ್ಕು ಬಾರಿ ಹಿಂದೆ ಮುಂದೆ ಹೊಡೆಯಿರಿ, ಕಡ್ಡಿ ಎಳೆಯುವಾಗ ಭಾರ ಬೀಳುವುದು ಅಲ್ಲೇ. ಮೊದಲ ಎರಡು ಗೆರೆ ಆದ ತಕ್ಷಣ ನಿಲ್ಲಿಸಿ, ಜೋಡಿಯನ್ನು ತೂರಿಸಿ ನೋಡಿ. ಬಿಗಿ ಎನಿಸಿದರೆ ಬಿಚ್ಚಲು ಒಂದೇ ಗೆರೆ ಇರುತ್ತದೆ. ಆಮೇಲೆ ಒಂದೊಂದು ಖಾನೆಯ ಮೇಲೂ ನಂಬರ್ ಮತ್ತು ಮಿಲಿಮೀಟರ್ ಕಸೂತಿ ಮಾಡಿ. ಅಂಕಿಗೆ ಹಿಂಹೊಲಿಗೆ ಸಾಕು. ಒಗೆದರೂ ಹೋಗದ ಮಾರ್ಕರ್ ಇದ್ದರೆ ಬಿಳಿ ಟೇಪಿನ ಮೇಲೆ ಬರೆದು ಹೊಲಿಯಬಹುದು. ಚೀಲ ಮುಚ್ಚುವ ಮೊದಲೇ ಇದನ್ನು ಮಾಡಿ, ಆಮೇಲೆ ಸೂಜಿ ಐದು ಪದರ ದಾಟಬೇಕಾಗುತ್ತದೆ.

ಲಾಡಿಯನ್ನು ಹೊಲಿದು ನಡುವಿನಲ್ಲಿ ಮಡಚಿ, ಆ ಮಡಿಕೆಯನ್ನು ಎಡ ಅಂಚಿನಲ್ಲಿ, ಕೆಳಗಿನಿಂದ 18 ಸೆಂ.ಮೀ. ಎತ್ತರದಲ್ಲಿ ಟಾಕು ಹಾಕಿ, ತುದಿಗಳು ಒಳಗಿರಲಿ. ಹೊರಬಟ್ಟೆ ಮತ್ತು ಲೈನಿಂಗ್‌ನ ಸೀದಾ ಬದಿಗಳನ್ನು ಎದುರುಬದುರು ಇಟ್ಟು ಸುತ್ತ ಹೊಲಿಯಿರಿ. ಮೇಲಂಚಿನಲ್ಲಿ 12 ಸೆಂ.ಮೀ. ತೆರೆದಿರಲಿ. ಕೆಳಗೆ ಪದರಗಳು ಹೆಚ್ಚಾದ್ದರಿಂದ ಯಂತ್ರಕ್ಕೆ 16ನೇ ನಂಬರ್ ಸೂಜಿ ಹಾಕಿ, ಮೂಲೆಗಳಲ್ಲಿ ಚಕ್ರವನ್ನು ಕೈಯಿಂದ ತಿರುಗಿಸಿ. ಮೂಲೆಯ ಹೆಚ್ಚಿನ ಬಟ್ಟೆ ಕತ್ತರಿಸಿ ತಿರುಗಿಸಿ, ತೆರೆದ ಭಾಗವನ್ನು ಕೈಯಲ್ಲಿ ಹೆಮ್ಮಿಂಗ್ ಮಾಡಿ. ಯಂತ್ರವಿಲ್ಲದವರು ಪೂರ್ತಿ ಕೈಯಲ್ಲೇ ಹಿಂಹೊಲಿಗೆಯಿಂದ ಮಾಡಬಹುದು, ಎರಡು ಮಧ್ಯಾಹ್ನದ ಬದಲು ಒಂದು ವಾರ ಹಿಡಿದೀತು.

ಸುತ್ತುವಾಗ ಬಲಗಡೆಯಿಂದ, ಕತ್ತರಿಯ ಖಾನೆಯಿಂದ ಶುರುಮಾಡಿ. ಚೂಪಾದದ್ದು ಸುರುಳಿಯ ನಡುವೆ ಉಳಿಯುತ್ತದೆ, ಬ್ಯಾಗಿನಲ್ಲಿ ಇಟ್ಟರೂ ಮನೆಯ ಚಿಕ್ಕ ಮಕ್ಕಳ ಕೈಗೆ ಸಿಕ್ಕರೂ ತಕ್ಷಣ ಚುಚ್ಚುವುದಿಲ್ಲ. ಒಗೆಯುವಾಗ ಎಲ್ಲವನ್ನೂ ತೆಗೆದು, ಮತ್ತೆ ಜೋಡಿಸುವಾಗ ಪ್ರತಿ ಜೋಡಿಯನ್ನೂ ಅಕ್ಕಪಕ್ಕ ಹಿಡಿದು ನೋಡಿ ಹಾಕಿ. ಉಲ್ಲನ್ ಉಂಡೆಗಳಿಗೆ ಇದರಲ್ಲಿ ಜಾಗವಿಲ್ಲ, ಅವು ಬೇರೆ ಚೀಲದಲ್ಲಿರಲಿ. ನಿಜವಾದ ಉಣ್ಣೆಯಾದರೆ ಹುಳು ಬೀಳುತ್ತದೆ, ಬೇವಿನ ಎಲೆ ಒಣಗಿಸಿ ಹಾಕಿ. ಮಕ್ಕಳ ಸ್ವೆಟರಿಗೆ ಹೆಚ್ಚಾಗಿ ಸಿಗುವ ಅಕ್ರಿಲಿಕ್ ದಾರಕ್ಕೆ ಅದೇನೂ ಬೇಕಿಲ್ಲ.