ಚೂರಿಯ ಪರೀಕ್ಷೆಯೂ ಕೆರೆಯ ಪಾಚಿಯೂ

ಮಳೆಗಾಲಕ್ಕೆ ಮುನ್ನ ಅಡಿಕೆಗೆ ಮದ್ದು ಬಿಡುವ ದಿನ ನಮ್ಮ ಕಾಸರಗೋಡಿನ ತೋಟದ ಮನೆಗಳಲ್ಲಿ ನಡೆಯುವ ಒಂದು ಪರೀಕ್ಷೆಯನ್ನು ವಿದ್ಯಾರ್ಥಿಗಳಲ್ಲಿ ಅನೇಕರು ಕಂಡಿರುವರು. ನೂರು ಲೀಟರು ನೀರಿಗೆ ಒಂದು ಕಿಲೋಗ್ರಾಂ ಮೈಲುತುತ್ತು, ಒಂದು ಕಿಲೋಗ್ರಾಂ ಸುಣ್ಣ. ಇವನ್ನು ಬೇರೆಬೇರೆಯಾಗಿ ಕದಡಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ದು ಕಲಕಿದ ಬಳಿಕ, ಹಿರಿಯರು ಉಜ್ಜಿದ ಚೂರಿಯೊಂದನ್ನು ಅದರಲ್ಲಿ ಅದ್ದಿ ತೆಗೆಯುವರು. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಸುಣ್ಣ ಸಾಲದೆಂದು ಅರ್ಥ. ಆ ಲೇಪವು ತಾಮ್ರವೇ. ಸುಣ್ಣದ ಕೈಗೆ ಸಿಕ್ಕದೆ ನೀರಿನಲ್ಲಿ ಬಿಡಿಯಾಗಿ ಉಳಿದ ತಾಮ್ರದ ಅಯಾನುಗಳು ಕಬ್ಬಿಣದ ಮೇಲೆ ತಾಮ್ರವಾಗಿ ನೆಲೆಸಿರುವುವು. ಅಂತಹ ಮದ್ದು ಎಳೆಯ ಭಾಗಗಳನ್ನು ಸುಡುವುದೆಂಬ ಭಯದಿಂದ ಮತ್ತಷ್ಟು ಸುಣ್ಣ ಸೇರಿಸುವರು.

ಪೀಪಾಯಿಯಲ್ಲಿರುವ ತಾಮ್ರದ ಪ್ರಮಾಣ ಸುಣ್ಣ ಸೇರಿಸುವ ಮೊದಲೂ ಅನಂತರವೂ ಒಂದೇ. ಬದಲಾದುದು ಅದರ ಸ್ಥಿತಿ ಮಾತ್ರ. ಲೋಹವು ನೀರಿನ ಪಾಚಿಗೆ ಹೇಗೆ ವಿಷವಾಗುತ್ತದೆಂಬ ಪಾಠವನ್ನು ಇಲ್ಲಿಂದಲೇ ಆರಂಭಿಸಬಹುದು.

ಪಾಚಿಯೆಂದೊಡನೆ ಮೆಟ್ಟಿಲಲ್ಲಿ ಕಾಲು ಜಾರಿಸುವ ವಸ್ತುವೆಂದು ಮಕ್ಕಳು ನಗುವುದುಂಟು. ಆದರೆ ಕೆರೆಯ ನೀರನ್ನು ಹಸುರಾಗಿಸುವ, ಕಣ್ಣಿಗೆ ಬಿಡಿಯಾಗಿ ಕಾಣದ ಏಕಕೋಶದ ಪಾಚಿಗಳೂ ಇವೆ. ನೀರಿನ ಸಣ್ಣ ಜೀವಿಗಳಿಗೆ ಇವೇ ಆಹಾರ; ಆ ಜೀವಿಗಳು ಮೀನಿಗೆ ಆಹಾರ. ಪಾಚಿಯ ಬದುಕಿಗೆ ತಾಮ್ರ ಲೇಶಮಾತ್ರ ಬೇಕು. ಹೆಚ್ಚಾದರೆ ದ್ಯುತಿಸಂಶ್ಲೇಷಣೆಯೂ ಕೋಶವಿಭಜನೆಯೂ ಕುಂದುವುವು. ಸೂಕ್ಷ್ಮ ಜಾತಿಯ ಹಸುರು ಪಾಚಿಗಳ ಬೆಳವಣಿಗೆಯನ್ನು ಲೀಟರಿಗೆ ಕೆಲವು ಹತ್ತು ಮೈಕ್ರೋಗ್ರಾಂ ತಾಮ್ರವೇ ಕುಂಠಿತಗೊಳಿಸಬಲ್ಲುದು. ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ಚೂರಿಯ ಪರೀಕ್ಷೆಯಲ್ಲಿ ಅಷ್ಟು ಸ್ವಲ್ಪ ಕಾಣಿಸದು.

ಆದರೆ ಅಷ್ಟೇ ತಾಮ್ರ ಎಲ್ಲ ಕೆರೆಗಳಲ್ಲಿಯೂ ಅಷ್ಟೇ ಕೆಡುಕು ಮಾಡುವುದಿಲ್ಲ. ಕೊಳೆತ ಎಲೆಗಳಿಂದ ಚಹದ ಬಣ್ಣ ತಾಳಿದ ನೀರಿನಲ್ಲಿ ಹ್ಯೂಮಿಕ್ ಆಮ್ಲಗಳಿರುವುವು. ಇವು ತಾಮ್ರವನ್ನು ಬಿಗಿಯಾಗಿ ಹಿಡಿದಿಡುವುದರಿಂದ ಪಾಚಿಗೆ ತಗಲುವ ಭಾಗ ಕಡಮೆ. ನಾವು ಮೂಗು ಮುರಿಯುವ ಕಂದು ನೀರೇ ಈ ವಿಷಯದಲ್ಲಿ ಸುರಕ್ಷಿತ. ಮುರಕಲ್ಲಿನ ಸುರಂಗದಿಂದ ಬರುವ ತಿಳಿನೀರಿನಲ್ಲಿ ಅಂತಹ ರಕ್ಷಕರು ವಿರಳ.

ನೀರಿನ ಆಮ್ಲತೆಯ ಕಾರ್ಯ ಹೆಚ್ಚು ವಿಚಿತ್ರವಾದುದು. ಪಾಚಿಯ ಕೋಶದ ಹೊರಮೈಯಲ್ಲಿ ಲೋಹವು ಅಂಟಿಕೊಳ್ಳುವ ಸ್ಥಾನಗಳು ಮಿತವಾಗಿವೆ, ಊಟದ ಪಂಕ್ತಿಯ ಎಲೆಗಳಂತೆ. ಆಮ್ಲೀಯ ನೀರಿನಲ್ಲಿ ಜಲಜನಕದ ಅಯಾನುಗಳು ಮೊದಲೇ ಬಂದು ಕುಳಿತುಬಿಡುವುವು. ತಾಮ್ರಕ್ಕೆ ಎಲೆ ಸಿಕ್ಕದು. ಆದುದರಿಂದ ಬಿಡಿ ತಾಮ್ರ ಸಮನಾಗಿರುವಾಗ, ಪಿಎಚ್ 6 ಇರುವ ನೀರಿಗಿಂತ 8 ಇರುವ ನೀರಿನಲ್ಲಿ ಅದು ಪಾಚಿಗೆ ಅನೇಕ ಪಟ್ಟು ವಿಷಕರ. ಇಷ್ಟರಿಂದ ಆಮ್ಲವನ್ನು ಮಿತ್ರನೆಂದು ನಂಬುವಂತಿಲ್ಲ. ಹ್ಯೂಮಿಕ್ ಆಮ್ಲದ ಹಿಡಿತವನ್ನೂ ಸುಣ್ಣದ ಕಟ್ಟನ್ನೂ ಸಡಿಲಿಸಿ ಬಿಡಿ ತಾಮ್ರವನ್ನು ಹೆಚ್ಚಿಸುವುದೂ ಅದೇ ಆಮ್ಲ.

ಗಡಸು ನೀರು ಜಲಜೀವಿಗಳೆಲ್ಲವನ್ನೂ ತಾಮ್ರದಿಂದ ಕಾಪಾಡುವುದೆಂದು ನಾವು ಹಲವು ವರ್ಷ ತರಗತಿಯಲ್ಲಿ ಬೋಧಿಸಿದೆವು. ಮೀನಿನ ಮಟ್ಟಿಗೆ ಅದು ನಿಜ. ನೀರಿನ ಕ್ಯಾಲ್ಸಿಯಂ ಅದರ ಕಿವಿರುಗಳಲ್ಲಿ ತಾಮ್ರಕ್ಕೆ ಎದುರಾಗಿ ನಿಲ್ಲುವುದು. ಹಸುರು ಪಾಚಿಯ ಮೇಲೆ ನಡೆದ ಪ್ರಯೋಗಗಳಲ್ಲಾದರೋ ಕ್ಯಾಲ್ಸಿಯಂನ ಸಹಾಯ ಅಲ್ಪ, ಪಿಎಚ್‌ನ ಪ್ರಭಾವವೇ ಪ್ರಬಲವೆಂದು ಕಂಡುಬಂದಿದೆ. ಮೀನಿನ ಲೆಕ್ಕವನ್ನು ಪಾಚಿಗೆ ಹಚ್ಚಿದುದು ನಮ್ಮ ತಪ್ಪು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೂ ಸಿಹಿನೀರಿನ ತಾಮ್ರದ ಮಿತಿಯನ್ನು ಮೊದಲು ಗಡಸುತನದಿಂದಲೇ ಗುಣಿಸುತ್ತಿದ್ದು, 2007ರಲ್ಲಿ ಪಿಎಚ್, ಕರಗಿದ ಸಾವಯವ ಇಂಗಾಲ ಮುಂತಾದವನ್ನೂ ಲೆಕ್ಕಕ್ಕೆ ಸೇರಿಸಿತು.

ಇನ್ನು ಪೋಷಕರಲ್ಲಿ ಒಂದು ಮಾತು. ಉಳಿದ ಮದ್ದಿನಲ್ಲಿ ಸುಣ್ಣವಿದೆ, ಚೂರಿಯೂ ಕೆಂಪಾಗಲಿಲ್ಲ, ಆದುದರಿಂದ ಪೀಪಾಯಿಯನ್ನು ಮದಕದಲ್ಲಿಯೇ ತೊಳೆದರೆ ಬಾಧಕವಿಲ್ಲವೆಂದು ಕೆಲವರು ತಿಳಿದಿರುವರು. ಸುಣ್ಣವು ತಾಮ್ರವನ್ನು ಕಟ್ಟಿಹಾಕಿದೆ, ನಾಶಮಾಡಿಲ್ಲ. ಮದ್ದು ತಳದ ಕೆಸರಿಗೆ ಇಳಿದ ಮೇಲೆ ನೀರು ಆಮ್ಲೀಯವಾದರೆ ಅದು ಮೆಲ್ಲನೆ ಬಿಡುಗಡೆಯಾಗಬಹುದು. ಕಲಸಿದ ಮದ್ದನ್ನು ತೋಟದಲ್ಲಿಯೇ ಮುಗಿಸಿ, ಪಾತ್ರೆಗಳನ್ನು ಕೆರೆಬಾವಿಗಳಿಂದ ದೂರ ತೊಳೆಯುವುದು ಲೇಸು.

ಮಕ್ಕಳು ಈ ಲೆಕ್ಕವನ್ನು ಮನೆಯಲ್ಲಿ ಮಾಡಿ ತೋರಿಸಲಿ. ಒಂದು ಕಿಲೋಗ್ರಾಂ ಮೈಲುತುತ್ತಿನಲ್ಲಿ ತಾಮ್ರ ಸುಮಾರು 250 ಗ್ರಾಂ. ಒಂದು ಲೀಟರು ಮದ್ದಿನಲ್ಲಿ ಸುಮಾರು 2.5 ಗ್ರಾಂ. ಇದು ಒಂದು ಲಕ್ಷ ಲೀಟರು ನೀರಿನಲ್ಲಿ ಹರಡಿದರೂ ಲೀಟರಿಗೆ 25 ಮೈಕ್ರೋಗ್ರಾಂ ಆಗುವುದು. ಹತ್ತು ಮೀಟರು ಉದ್ದ, ಹತ್ತು ಮೀಟರು ಅಗಲ, ಒಂದು ಮೀಟರು ಆಳದ ಮದಕದಲ್ಲಿರುವ ನೀರು ಸರಿಯಾಗಿ ಒಂದು ಲಕ್ಷ ಲೀಟರು.